ಕ್ಷಿಪಣಿಗೂ ಕಾರಿಗೂ ಒಂದೇ ದಿಕ್ಸೂಚಿ

ಸೇನೆಗೂ ಜನಸಾಮಾನ್ಯರಿಗೂ ಒಟ್ಟಿಗೆ ಒದಗುವ ತಂತ್ರಜ್ಞಾನಗಳ ಪೈಕಿ ದಿನನಿತ್ಯದ ಬದುಕಿಗೆ ಅತಿ ಹತ್ತಿರ ಬಂದದ್ದು ಜಿಪಿಎಸ್. ಅಮೆರಿಕದ ರಕ್ಷಣಾ ಇಲಾಖೆ 1973ರಲ್ಲಿ ಇದನ್ನು ಕೈಗೆತ್ತಿಕೊಂಡಾಗ ಉದ್ದೇಶ ಸ್ಪಷ್ಟವಾಗಿತ್ತು: ನೌಕೆ, ವಿಮಾನ, ಸೈನಿಕ ಎಲ್ಲಿದ್ದರೂ ತಾನಿರುವ ಜಾಗ ತಿಳಿಯಬೇಕು, ಹಾಕಿದ ಬಾಂಬು ಗುರಿ ತಪ್ಪಬಾರದು. ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು.

ಈ ವ್ಯವಸ್ಥೆಯ ಜೀವಾಳ ಗಡಿಯಾರ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ತಾನೆಲ್ಲಿದ್ದೇನೆ, ಸಮಯವೆಷ್ಟು ಎಂಬುದನ್ನು ರೇಡಿಯೊ ಮೂಲಕ ಸಾರುತ್ತಲೇ ಇರುತ್ತದೆ. ಆ ಸಂಕೇತ ತಲುಪಲು ಹಿಡಿದ ಸಮಯದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳು ಸಿಕ್ಕರೆ ಜಾಗ ಪತ್ತೆಯಾಗುತ್ತದೆ. ಉಪಗ್ರಹದಲ್ಲಿರುವ ಪರಮಾಣು ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ಸಾಕು, ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಕೇಳುತ್ತಿರುವುದು ಟ್ಯಾಕ್ಸಿಯೋ ಕ್ಷಿಪಣಿಯೋ ಎಂಬುದು ಉಪಗ್ರಹಕ್ಕೆ ತಿಳಿಯದು.

1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಹೊಕ್ಕಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಮಂದಿ ಸತ್ತರು. ತಾನೆಲ್ಲಿದ್ದೇನೆಂಬುದು ತಿಳಿದಿದ್ದರೆ ಉಳಿಯಬಹುದಾಗಿದ್ದ ಜೀವಗಳವು. ಜಿಪಿಎಸ್ ಸಿದ್ಧವಾದ ಮೇಲೆ ನಾಗರಿಕರಿಗೂ ಉಚಿತವಾಗಿ ಸಿಗಲಿದೆ ಎಂದು ಅಧ್ಯಕ್ಷ ರೇಗನ್ ಅದೇ ತಿಂಗಳು ಘೋಷಿಸಿದರು.

ಕೊಟ್ಟರಾದರೂ ಪೂರ್ತಿ ಕೊಡಲಿಲ್ಲ. ನಾಗರಿಕ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸಿ, ಸುಮಾರು 100 ಮೀಟರ್‌ವರೆಗೆ ವ್ಯತ್ಯಾಸ ಬರುವಂತೆ ಮಾಡಲಾಗಿತ್ತು. ನಿಖರ ಸಂಕೇತ ಸೇನೆಗೆ ಮೀಸಲು. 2000ದ ಮೇ ತಿಂಗಳಲ್ಲಿ ಕ್ಲಿಂಟನ್ ಆಡಳಿತ ಆ ದೋಷವನ್ನು ತೆಗೆಸಿತು. ಕಾರು ಯಾವ ಬೀದಿಯಲ್ಲಿದೆ ಎಂದು ನಂಬಿಕೆಯಿಂದ ಹೇಳಲು ಸಾಧ್ಯವಾದದ್ದು ಆಮೇಲೆಯೇ. ಸಂಕೇತ ಹಿಡಿಯುವ ಗ್ರಾಹಕ ಉಪಕರಣಗಳಿಗೂ ರಫ್ತು ನಿಯಮಗಳ ಕಡಿವಾಣವಿದೆ: ಕ್ಷಿಪಣಿಯಂತೆ ಅತಿ ವೇಗವಾಗಿ ಚಲಿಸುವಾಗಲೂ ಕೆಲಸ ಮಾಡುವ ಗ್ರಾಹಕಗಳನ್ನು ಮಾರಲು ಪರವಾನಗಿ ಬೇಕು.

ಗುಂಡಿ ಬೇರೆಯವರ ಕೈಯಲ್ಲಿರುವಾಗ ಉಚಿತ ಸೇವೆಯನ್ನೇ ನೆಚ್ಚಿ ಕೂರುವುದು ಯಾವ ದೊಡ್ಡ ದೇಶಕ್ಕೂ ಕ್ಷೇಮವಲ್ಲ. ರಷ್ಯಾಕ್ಕೆ ಗ್ಲೋನಾಸ್, ಚೀನಾಕ್ಕೆ ಬೈಡೂ, ಯುರೋಪಿಗೆ ಗೆಲಿಲಿಯೊ ಇರುವುದು ಇದರಿಂದಲೇ. ಭಾರತದ ಉತ್ತರ ನಾವಿಕ್. ಇದರ ಮೊದಲ ಉಪಗ್ರಹ 2013ರ ಜುಲೈಯಲ್ಲಿ ಹಾರಿತು. ಸಂಚಾರ ನಿರ್ದೇಶನ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಭಾರತ ಮತ್ತು ಗಡಿಯಾಚೆ 1,500 ಕಿ.ಮೀ.ವರೆಗೆ ಸೇವೆ ಒದಗಿಸಲೆಂದು ಇದನ್ನು ರೂಪಿಸಲಾಗಿದೆ. ಸೇವೆಗಳು ಎರಡು: ಎಲ್ಲರಿಗೂ ಮುಕ್ತವಾದದ್ದೊಂದು, ಅಧಿಕೃತ ಬಳಕೆದಾರರಿಗಷ್ಟೇ ಸಿಗುವ ಗೂಢಲಿಪಿಯದ್ದೊಂದು. ಆಮದು ಮಾಡಿಕೊಂಡ ರುಬಿಡಿಯಂ ಗಡಿಯಾರಗಳು ಕೆಟ್ಟು ಮೊದಲ ಉಪಗ್ರಹವೇ ಸ್ಥಾನ ಹೇಳಲಾರದಾಯಿತು. ಆ ಪೆಟ್ಟಿನ ಬಳಿಕ, 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಅಹಮದಾಬಾದಿನಲ್ಲಿ ರೂಪಿಸಿದ ಸ್ವದೇಶಿ ಗಡಿಯಾರವನ್ನು ಹೊತ್ತೊಯ್ದಿತು. 

ಸ್ವಂತ ಉಪಗ್ರಹಗಳಿದ್ದರೂ ಒಂದು ದೌರ್ಬಲ್ಯ ಉಳಿಯುತ್ತದೆ. ನೆಲ ಮುಟ್ಟುವಷ್ಟರಲ್ಲಿ ಸಂಕೇತ ತೀರಾ ಕ್ಷೀಣವಾಗಿರುವುದರಿಂದ ಅದನ್ನು ಅಡಗಿಸಲು ಸಣ್ಣ ಪ್ರೇಷಕವೇ ಸಾಕು. ಡ್ರೋನ್, ಕ್ಷಿಪಣಿಗಳನ್ನು ದಾರಿ ತಪ್ಪಿಸಲು ಸೇನೆಗಳು ಇದನ್ನೇ ಬಳಸುತ್ತವೆ. ಪೆಟ್ಟು ಬೀಳುವುದು ಪ್ರಯಾಣಿಕರಿಗೂ. 2024ರ ಏಪ್ರಿಲ್‌ನಲ್ಲಿ ಎಸ್ಟೋನಿಯಾದ ಟಾರ್ಟು ನಗರಕ್ಕೆ ಹೊರಟಿದ್ದ ಫಿನ್‌ಏರ್ ವಿಮಾನಗಳು ಜಿಪಿಎಸ್ ಅಡಚಣೆಯಿಂದ ಇಳಿಯಲಾಗದೆ ಹಿಂದಿರುಗಿದವು. ಜಿಪಿಎಸ್ ನೆಚ್ಚದೆ ಇಳಿಯುವ ಬದಲಿ ವಿಧಾನ ಸಿದ್ಧವಾಗುವವರೆಗೆ, ಸುಮಾರು ಒಂದು ತಿಂಗಳು, ಕಂಪನಿ ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತು.