ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿ ನಮ್ಮ ಓಟ, ನಮ್ಮ ಪರದಾಟ

ಮ್ಯಾಂಚೆಸ್ಟರಿನಲ್ಲಿ ಶನಿವಾರ ಬೆಳಗಿನ ಐದು ಗಂಟೆಗೆ ಮನೆ ಬಿಡುವ ಕನ್ನಡಿಗರೆಂದರೆ ಒಂದೋ ವಿಮಾನ ನಿಲ್ದಾಣಕ್ಕೆ ಹೊರಟವರು, ಇಲ್ಲವೇ ನಾವು ನಾಲ್ವರು. ಹುಬ್ಬಳ್ಳಿಯ ಸಾಫ್ಟ್‌ವೇರ್ ಗೆಳೆಯರು, ಶಿರಸಿಯ ಸಿವಿಲ್ ಎಂಜಿನಿಯರು, ಮೈಸೂರಿನ ಅರಿವಳಿಕೆ ತಜ್ಞೆ ಡಾಕ್ಟರ್ ಮೇಡಂ, ಮತ್ತು ದಾವಣಗೆರೆಯಲ್ಲಿ ಬಿಕಾಂ ಓದಿ, ಸಿಎ ಮುಗಿಸಿ, ಇಲ್ಲಿ ಬೇರೆಯವರ ತೆರಿಗೆ ಲೆಕ್ಕ ಬರೆದು ಹೊಟ್ಟೆ ಹೊರೆಯುತ್ತಿರುವ ಈ ಲೇಖಕ. ನಾಲ್ವರಿಗೂ ನಲವತ್ತು ದಾಟಿದೆ. ನಮ್ಮ ಓಟ ಶುರುವಾದದ್ದು ಯಾವ ದೊಡ್ಡ ಕನಸಿನಿಂದಲೂ ಅಲ್ಲ, ರಕ್ತ ಪರೀಕ್ಷೆಯ ವರದಿಗಳಿಂದ. ಮೊದಲು ಶನಿವಾರದ ಪಾರ್ಕ್‌ರನ್ನಿನಲ್ಲಿ ಐದು ಕಿಲೋಮೀಟರ್ ಏದುಸಿರು ಬಿಟ್ಟೆವು. ಆಮೇಲೆ ಹತ್ತು, ಆಮೇಲೆ ಅರ್ಧ ಮ್ಯಾರಥಾನ್. ಡಾಂಬರು ರಸ್ತೆ ಬೇಸರ ಬಂದ ಮೇಲೆ ಕಣ್ಣು ಬಿದ್ದದ್ದು ಉತ್ತರದ ಬೆಟ್ಟಗಳ ಮೇಲೆ.

ಎಂ6 ಹೆದ್ದಾರಿ ಹಿಡಿದರೆ ಸುಮಾರು ಎರಡು ಗಂಟೆಯಲ್ಲಿ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಕೆಸ್ವಿಕ್ ಪಟ್ಟಣ ಸಿಗುತ್ತದೆ. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ ಇರುವುದು ಇದೇ ಉದ್ಯಾನದಲ್ಲಿ. ಎತ್ತರ ಕೇಳಿದರೆ ನಮ್ಮ ಚಿಕ್ಕಮಗಳೂರಿನವರು ನಕ್ಕಾರು, ಬರೇ 978 ಮೀಟರ್! ಮುಳ್ಳಯ್ಯನಗಿರಿಯ ಅರ್ಧ. ನಾವೂ ಮೊದಲ ಸಲ ಹಾಗೇ ನಕ್ಕಿದ್ದೆವು. ಆದರೆ ಈ ಬೆಟ್ಟಗಳಿಗೆ ನೆತ್ತಿಯ ಮೇಲೆ ಮರವಿಲ್ಲ, ಮರೆಯಿಲ್ಲ. ಗಾಳಿ ಬಂದರೆ ನೇರ ಎದೆಗೆ. ಉದ್ಯಾನದೊಳಗಿನ ಸೀಥ್‌ವೇಟ್ ಎಂಬ ಪುಟ್ಟ ಊರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಆಗುಂಬೆಯ ಮುಂದೆ ಅದೇನೂ ಅಲ್ಲ ನಿಜ. ಆದರೆ ಆಗುಂಬೆಯ ಮಳೆಯಲ್ಲಿ ನೆನೆದರೆ ನೆಗಡಿ ಬಂದೀತು, ಇಲ್ಲಿ ನೆನೆದರೆ ಜೀವಕ್ಕೇ ಸಂಚಕಾರ.

ನಮ್ಮಲ್ಲಿ ರಾಷ್ಟ್ರೀಯ ಉದ್ಯಾನ ಎಂದರೆ ಅರಣ್ಯ ಇಲಾಖೆಯ ಗೇಟು, ಅನುಮತಿ, ಗೈಡು. ಕುದುರೆಮುಖ ಹತ್ತಲು ಹೋದವರಿಗೆ ಇದು ಗೊತ್ತು. ಹುಲಿ, ಕಾಟಿ ಇರುವ ಕಾಡಿಗೆ ಅದು ಬೇಕೂ ಬೇಕು. ಇಲ್ಲಿಯ ಉದ್ಯಾನಕ್ಕೆ ಗೇಟೇ ಇಲ್ಲ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ನಾಡಿನೊಳಗೆ ಊರುಗಳಿವೆ, ಹೊಲಗಳಿವೆ, ರೈತರಿದ್ದಾರೆ. 2000ನೇ ಇಸವಿಯ ಕಾನೂನಿನ ಪ್ರಕಾರ ತೆರೆದ ಬೆಟ್ಟಗಳಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ತಿರುಗಾಡಬಹುದು, ಓಡಬಹುದು. ಕಾಡುಮೃಗವೆಂದರೆ ಹೆರ್ಡ್‌ವಿಕ್ ಕುರಿಗಳು, ಅಷ್ಟೇ! ಈ ಕುರಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಟ್ಟದ ಮೇಲೆ ಬೇಲಿ ಇರುವುದಿಲ್ಲ. ತನ್ನ ಹಿಂಡು ಮೇಯುವ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮರಿ ತಾಯಿಯ ಹಿಂದೆ ಓಡಾಡಿಯೇ ಕಲಿಯುತ್ತದೆ. ಅದು ಮುಂದೆ ತನ್ನ ಮರಿಗೆ ಕಲಿಸುತ್ತದೆ. ಮಂಜು ಕವಿದರೂ ಅವು ದಾರಿ ತಪ್ಪುವುದಿಲ್ಲ. ತಪ್ಪಿದವರು ನಾವು. ಆ ಕಥೆಗೆ ಬರುತ್ತೇವೆ.

ಇಲ್ಲಿಯವರು ಬೆಟ್ಟಕ್ಕೆ ಫೆಲ್ ಎನ್ನುತ್ತಾರೆ. ಸಾವಿರ ವರ್ಷದ ಹಿಂದೆ ಇಲ್ಲಿ ನೆಲೆಸಿದ ನಾರ್ಸ್ ಜನರ ಮಾತು ಅದು. ಬೆಟ್ಟದ ಓಟಕ್ಕೆ ಫೆಲ್ ರನ್ನಿಂಗ್ ಎಂದೇ ಹೆಸರು. ಇದಕ್ಕೆ ಬಾಣದ ಗುರುತು, ರಿಬ್ಬನ್ನು ಯಾವುದೂ ಇರುವುದಿಲ್ಲ. ನಕ್ಷೆ, ದಿಕ್ಸೂಚಿ ನೋಡಿಕೊಂಡು ಹುಲ್ಲು, ಬಂಡೆ, ಕೆಸರಿನಲ್ಲಿ ನಿಮ್ಮ ದಾರಿ ನೀವೇ ಹುಡುಕಿಕೊಳ್ಳಬೇಕು.

ಈ ಓಟಗಾರರಿಗೆಲ್ಲ ಮೂಲಪುರುಷನೆಂದರೆ ಕೆಸ್ವಿಕ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ. 1932ರ ಜೂನ್‌ನಲ್ಲಿ ಆತ ಒಂದೇ ದಿನದೊಳಗೆ 42 ಶಿಖರ ಹತ್ತಿಳಿದು, 23 ಗಂಟೆ 39 ನಿಮಿಷಕ್ಕೆ ಊರಿನ ಮೂಟ್ ಹಾಲ್ ಕಟ್ಟಡದ ಬಾಗಿಲಿಗೆ ವಾಪಸ್ ಬಂದು ನಿಂತ. ಕಾಲಿಗೆ ಟೆನಿಸ್ ಬೂಟು, ಮೈಮೇಲೆ ಪೈಜಾಮದ ಅಂಗಿ. ಹೊಟ್ಟೆಗೆ ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ, ಹಣ್ಣು. ಸುಮಾರು 106 ಕಿಲೋಮೀಟರ್ ದೂರ, ಒಟ್ಟು ಏರು ಎಂಟು ಸಾವಿರ ಮೀಟರಿಗೂ ಮೇಲೆ, ಹೆಚ್ಚುಕಡಿಮೆ ಎವರೆಸ್ಟಿನಷ್ಟು. 1960ರವರೆಗೆ, ಅಂದರೆ 28 ವರ್ಷ, ಇನ್ನೊಬ್ಬರಿಗೆ ಇದು ಸಾಧ್ಯವಾಗಲಿಲ್ಲ. ಈಗ ಇದನ್ನು 24 ಗಂಟೆಯೊಳಗೆ ಮುಗಿಸಿದವರದೇ ಒಂದು ಕ್ಲಬ್ಬಿದೆ. ಸದಸ್ಯರಾಗಬೇಕಾದರೆ ಪ್ರತಿ ಶಿಖರದಲ್ಲೂ ಜೊತೆಗೊಬ್ಬ ಸಾಕ್ಷಿ ಇರಬೇಕು, ವೇಳೆ ಬರೆದಿಡಬೇಕು. ವೋಚರ್ ಇಲ್ಲದೆ ಒಂದು ಪೌಂಡಿನ ಖರ್ಚನ್ನೂ ಒಪ್ಪದ ನಮ್ಮ ಕಸುಬಿಗೆ ಈ ನಿಯಮ ಬಹಳ ಹಿಡಿಸಿತು.

ಅವರ ನಂತರದ ದೊಡ್ಡ ಹೆಸರು ಜಾಸ್ ನೇಲರ್. ವಾಸ್‌ಡೇಲ್ ಕಣಿವೆಯ ಕುರಿ ಸಾಕುವ ರೈತ. 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಗಿಸಿದವರು, ಎಪ್ಪತ್ತು ತುಂಬಿದಾಗ ಮತ್ತೆ 70 ಶಿಖರ ಓಡಿದರು. 2024ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ತೀರಿಕೊಂಡ ಸುದ್ದಿ ಓದಿದ ವಾರವೇ ನಾವು ತೀರ್ಮಾನ ಮಾಡಿದ್ದು. ಪೂರ್ತಿ ಸುತ್ತು ನಮ್ಮ ಜನ್ಮದಲ್ಲಿ ಆಗದು, ಐದು ಭಾಗಗಳಲ್ಲಿ ಒಂದನ್ನಾದರೂ ಓಡೋಣ ಎಂದು.

ಆರಿಸಿಕೊಂಡದ್ದು ಎರಡನೆಯ ಭಾಗ. ಥ್ರೆಲ್‌ಕೆಲ್ಡ್ ಹಳ್ಳಿಯಿಂದ ಡನ್‌ಮೇಲ್ ರೇಸ್ ಎಂಬ ಕಣಿವೆ ರಸ್ತೆಯವರೆಗೆ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು, ಹನ್ನೆರಡು ಶಿಖರ. ನಡುವೆ 950 ಮೀಟರಿನ ಹೆಲ್ವೆಲಿನ್. ಆ ಸಾಲಿನ ಪಶ್ಚಿಮಕ್ಕೆ ಕೆಳಗೆ ಕಾಣುವುದು ಥರ್ಲ್‌ಮಿಯರ್ ಜಲಾಶಯ. ನಮ್ಮ ಮ್ಯಾಂಚೆಸ್ಟರಿನ ನಲ್ಲಿಗೆ ಅಲ್ಲಿಂದ ನೀರು ಬರುತ್ತದೆ. 1894ರಿಂದ, 96 ಮೈಲಿ ಕಾಲುವೆಯಲ್ಲಿ, ಒಂದು ಪಂಪೂ ಇಲ್ಲದೆ ಬರೀ ಇಳಿಜಾರಿನ ಮೇಲೆ ಹರಿದು ಬರುತ್ತದೆ. ಬೆಂಗಳೂರಿಗೆ ಕಾವೇರಿಯನ್ನು ನೂರು ಕಿಲೋಮೀಟರ್ ಪಂಪ್ ಮಾಡಿ ಮೇಲೆತ್ತುವ ಕರೆಂಟ್ ಬಿಲ್ಲು ನೆನೆದು ನಮ್ಮ ಸಿವಿಲ್ ಎಂಜಿನಿಯರು ಪ್ರತಿ ಸಲವೂ ನಿಟ್ಟುಸಿರು ಬಿಡುತ್ತಾರೆ.

ಅಕ್ಟೋಬರಿನ ಕೊನೆಯ ಶನಿವಾರ. ಕಾರನ್ನು ಥ್ರೆಲ್‌ಕೆಲ್ಡಿನಲ್ಲಿ ಬಿಟ್ಟೆವು, ಓಟ ಮುಗಿಸಿ ಬಸ್ಸಿನಲ್ಲಿ ಹಿಂದಿರುಗುವ ಲೆಕ್ಕ. ಫೆಲ್ ಓಟಕ್ಕೆ ಬೇಕಾದ ಸಾಮಾನಿನ ಪಟ್ಟಿ ನಮಗೆ ಬಾಯಿಪಾಠ. ನೀರು ನುಗ್ಗದ ಜಾಕೆಟ್ಟು, ಅಂಥದೇ ಪ್ಯಾಂಟು, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ, ಕಷ್ಟಕಾಲಕ್ಕೆ ತಿನಿಸು. ಎಲ್ಲವನ್ನೂ ದುಬಾರಿ ಅಂಗಡಿಯಲ್ಲೇ ಕೊಂಡಿದ್ದೆವು. (ಅನಿವಾಸಿಗಳಾದ ನಮಗೆ ಒಂದು ಕಾಯಿಲೆ ಇದೆ, ಸಾಮಾನು ಕೊಂಡರೆ ವಿದ್ಯೆ ಬಂದ ಹಾಗೇ ಎಂಬ ನಂಬಿಕೆ.) ಹವಾಮಾನ ವರದಿಯಲ್ಲಿ ಮಳೆ ಮಧ್ಯಾಹ್ನದ ಮೇಲೆ ಎಂದಿತ್ತು. ಅಷ್ಟರೊಳಗೆ ಹೆಲ್ವೆಲಿನ್ ದಾಟಿರುತ್ತೇವೆ ಎಂದುಕೊಂಡು ಹುಬ್ಬಳ್ಳಿಯವರು ಮಳೆಪ್ಯಾಂಟನ್ನು ಕಾರಿನ ಡಿಕ್ಕಿಗೆ ಎಸೆದರು. "ಇನ್ನೂರು ಗ್ರಾಂ ಉಳೀತಲ್ರೀ" ಎಂದರು. ಅವರನ್ನು ನೋಡಿ ನಾವೂ ಎಸೆದೆವು. ಡಾಕ್ಟರ್ ಮೇಡಂ ಮಾತ್ರ ತಮ್ಮದನ್ನು ಬ್ಯಾಗಿನಲ್ಲೇ ಇಟ್ಟುಕೊಂಡರು.

ಕ್ಲಫ್ ಹೆಡ್ ಏರು ಗೋಡೆ ಹತ್ತಿದ ಹಾಗೆ. ಅದು ಮುಗಿದರೆ ಗ್ರೇಟ್ ಡಾಡ್ ಕಡೆಗೆ ಹುಲ್ಲಿನ ಬೆನ್ನು, ಓಡಲೆಂದೇ ಹಾಸಿದಂತಿದೆ. ಹುಬ್ಬಳ್ಳಿಯವರು ರಾಜ್ಯೋತ್ಸವದ ನಾಟಕದ ತಮ್ಮ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಓಡುತ್ತಿದ್ದರು. ಹತ್ತೂವರೆಗೆ ನೈಋತ್ಯದಿಂದ ಮೋಡ ಬಂತು. ಐದೇ ನಿಮಿಷದಲ್ಲಿ ಎದುರಿಗಿದ್ದ ಬೆಟ್ಟ ಮಾಯ. ಮಳೆ ಮೇಲಿನಿಂದ ಬೀಳಲಿಲ್ಲ, ಪಕ್ಕದಿಂದ ಬಡಿಯಿತು. ತೊಡೆ ಮರಗಟ್ಟಿತು. ಮೊಬೈಲಿನ ಗಾಜಿನ ಮೇಲೆ ನೀರು, ಬೆರಳು ಒತ್ತಿದರೆ ಕೇಳದು. ಕೊನೆಗೆ ಚಳಿಗೆ ಅದರ ಬ್ಯಾಟರಿಯೂ ಹೋಯಿತು.

ಸ್ಟೈಬ್ಯಾರೋ ಡಾಡ್ ಇಳಿಯುವಾಗ ಮೇಡಂ ನಿಂತು ಕೇಳಿದರು, "ಇವರು ಯಾಕೆ ಮಾತಾಡ್ತಿಲ್ಲ?" ಆಗಲೇ ನಮಗೂ ಹೊಳೆದದ್ದು. ಹತ್ತು ನಿಮಿಷದಿಂದ ಹುಬ್ಬಳ್ಳಿಯವರ ದನಿಯೇ ಇರಲಿಲ್ಲ. ಹತ್ತಿರ ಹೋಗಿ ನೋಡಿದರೆ ಮೈಯೆಲ್ಲ ನಡುಗುತ್ತಿದೆ, ಜಾಕೆಟ್ಟಿನ ಜಿಪ್ಪು ಎಳೆಯಲು ಬೆರಳು ಬಾರದು, ಏನು ಕೇಳಿದರೂ "ಆರಾಮ ಅದೀನಿ" ಎಂದು ತೊದಲುತ್ತಾರೆ. ಎರಡು ಸಲ ಸುಮ್ಮನೆ ಕೂರಲು ಹೋದರು. "ನಡುಕ ಇರೋವರೆಗೂ ನಮ್ಮ ಕೈಲಿದೆ. ನಡುಕ ನಿಂತರೆ ಕಷ್ಟ" ಎಂದರು ಮೇಡಂ. ಆಪರೇಷನ್ ಥಿಯೇಟರಿನ ದನಿ. ಕೂತುಕೊಂಡೇ ಅವರಿಗೆ ತಮ್ಮ ಮಳೆಪ್ಯಾಂಟು ತೊಡಿಸಿದರು. ಶಿರಸಿಯವರ ಒಣ ಸ್ವೆಟರು ಹಾಕಿಸಿ, ಬಾಯಿಗೆ ಶೇಂಗಾ ಚಿಕ್ಕಿ ತುರುಕಿದೆವು. ಸೀಟಿ ಊದಿದೆವು, ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಸಹಾಯ ಬೇಡುವ ಗುರುತು ಅದು, ಕೇಳಿದವರು ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಗಾಳಿ ಬಿಟ್ಟು ಬೇರೆ ಉತ್ತರ ಬರಲಿಲ್ಲ.

ಮುಂದಿನದು ಸ್ಟಿಕ್ಸ್ ಪಾಸ್, ಅಡ್ಡದಾರಿ ಹಾದುಹೋಗುವ ಕಣಿವೆ ಬಾಯಿ. ಪಶ್ಚಿಮಕ್ಕೆ ಇಳಿದರೆ ಥರ್ಲ್‌ಮಿಯರ್, ಬಸ್ಸು ಓಡುವ ರಸ್ತೆ. ಪೂರ್ವಕ್ಕೆ ಇಳಿದರೆ ಗ್ಲೆನ್‌ರಿಡಿಂಗ್, ಬೆಟ್ಟಸಾಲಿನ ಆಚೆಯ ಮಗ್ಗುಲು. ನಾವು ಇಳಿಯಬೇಕಾದದ್ದು ಪಶ್ಚಿಮಕ್ಕೆ. ಇಬ್ಬರ ಕತ್ತಿನಲ್ಲಿ ದಿಕ್ಸೂಚಿ ನೇತಾಡುತ್ತಿತ್ತು, ಒಬ್ಬರೂ ನೋಡಲಿಲ್ಲ. ಮುಖಕ್ಕೆ ಹೊಡೆಯುತ್ತಿದ್ದ ಗಾಳಿಗೆ ಬೆನ್ನು ಕೊಟ್ಟು ಕಾಲು ಹೋದ ಕಡೆ ನಡೆದೆವು. ಕಾಲು ಹೋದದ್ದು ಪೂರ್ವಕ್ಕೆ. ಅರ್ಧ ಗಂಟೆ ಇಳಿದ ಮೇಲೆ ಮೋಡದ ಕೆಳಗೆ ಬೂದುಬಣ್ಣದ ಕಲ್ಲುರಾಶಿ ಕಂಡಿತು. 1962ರಲ್ಲಿ ಮುಚ್ಚಿದ ಗ್ರೀನ್‌ಸೈಡ್ ಸೀಸದ ಗಣಿ! ದಾರಿ ತಪ್ಪಿದ್ದು ಖಾತ್ರಿಯಾಯಿತು. ಆದರೆ ಗಾಳಿ ಬೆಟ್ಟದ ಆಚೆಗೇ ಉಳಿದಿತ್ತು, ಹುಬ್ಬಳ್ಳಿಯವರು "ಚಾ ಸಿಗ್ತದೇನ್ರಿ" ಎಂದು ಕೇಳಿದರು. ಗಣಿಯ ಬಳಿ ಈಗ ಯೂತ್ ಹಾಸ್ಟೆಲ್ ಇದೆ. ಅಲ್ಲಿದ್ದವರು ಒಂದು ಮಾತೂ ಕೇಳದೆ ಕಂಬಳಿ, ಚಹಾ ಕೊಟ್ಟರು.

ಪಶ್ಚಿಮಕ್ಕೇ ಇಳಿದಿದ್ದರೆ ಮಳೆಯನ್ನು ಎದುರಿಸಿಕೊಂಡು ಇನ್ನೊಂದು ಗಂಟೆ. ಹುಬ್ಬಳ್ಳಿಯವರು ತಡೆಯುತ್ತಿದ್ದರೋ ಇಲ್ಲವೋ ಎಂದು ಮೇಡಂ ಆಮೇಲೆ ಹೇಳಿದರು. ತಪ್ಪು ದಾರಿಯೇ ಕಾಪಾಡಿತು ಎಂದು ನಮ್ಮ ಮನೆಗಳಲ್ಲಿ ದೇವರಿಗೆ ಕೈಮುಗಿದರು. ನಮಗೆ ಅಷ್ಟು ಸುಲಭವಾಗಿ ಸಮಾಧಾನವಾಗಲಿಲ್ಲ. ಮೂವರು ಓದುಬರಹ ಬಲ್ಲವರು, ಒಬ್ಬರು ಪ್ಯಾಂಟು ಎಸೆದರೆಂದು ತಾವೂ ಎಸೆದದ್ದು ಏಕೆ? ಆಡಿಟ್ಟಿಗೆ ಹೋದಲ್ಲಿ ಇದೇ ಪ್ರಶ್ನೆಯನ್ನು ಬೇರೆಯವರಿಗೆ ವರ್ಷಗಟ್ಟಲೆ ಕೇಳಿದ್ದೇವೆ. ಟ್ಯಾಕ್ಸಿಯಲ್ಲಿ ಬೆಟ್ಟ ಸುತ್ತಿ ಕಾರಿನ ಬಳಿ ಬಂದಾಗ ಡಿಕ್ಕಿಯಲ್ಲಿ ಮೂರು ಪ್ಯಾಂಟೂ ಒಣಗಿದ್ದಂತೆಯೇ ಇದ್ದವು.

ಇಲ್ಲಿ ಬೆಟ್ಟದಲ್ಲಿ ಸಿಕ್ಕಿಬಿದ್ದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನು, ಅವರ ಮೂಲಕ ಮೌಂಟನ್ ರೆಸ್ಕ್ಯೂ ತಂಡವನ್ನು ಕೇಳಬೇಕು. ತಂಡದವರೆಲ್ಲ ಸ್ವಯಂಸೇವಕರು. ಶಿಕ್ಷಕರು, ಬಡಗಿಗಳು, ಅಂಗಡಿಯವರು ಕೆಲಸ ಬಿಟ್ಟು ಮಧ್ಯರಾತ್ರಿಯಲ್ಲೂ ಬೆಟ್ಟ ಹತ್ತುತ್ತಾರೆ. ಒಂದು ಪೆನ್ನಿ ಬಿಲ್ಲಿಲ್ಲ, ತಂಡ ನಡೆಯುವುದು ಹೆಚ್ಚಾಗಿ ದೇಣಿಗೆಯಿಂದ. ಭಾರತದಿಂದ ಬೇಸಿಗೆಗೆ ಬರುವ ನೆಂಟರಿಷ್ಟರನ್ನು ಬೆಟ್ಟಕ್ಕೆ ಕರೆದೊಯ್ಯುವ ಕನ್ನಡಿಗರು ಇದನ್ನು ತಿಳಿದಿರುವುದು ಒಳ್ಳೆಯದು. ದುಡ್ಡು ಕೇಳುತ್ತಾರೇನೋ ಎಂದು ಹೆದರಿ ಕರೆ ಮಾಡದೆ ಕೂರಬಾರದು. ಡಿಸೆಂಬರಿನಿಂದ ಚಳಿಗಾಲ ಮುಗಿಯುವವರೆಗೆ ಉದ್ಯಾನದ ಸಿಬ್ಬಂದಿಯೊಬ್ಬರು ದಿನವೂ ಹೆಲ್ವೆಲಿನ್ ಹತ್ತಿ ಮೇಲೆ ಹಿಮ, ಗಾಳಿ ಎಷ್ಟಿದೆ ಎಂದು ವರದಿ ಕೊಡುತ್ತಾರೆ, ಅದನ್ನೂ ನೋಡಿಕೊಳ್ಳಿ. ನಮ್ಮ ರಾಜ್ಯೋತ್ಸವದ ಊಟದ ಟಿಕೆಟ್ಟಿನಲ್ಲಿ ಉಳಿದ ಹಣವನ್ನು ಆ ವರ್ಷ ರೆಸ್ಕ್ಯೂ ತಂಡದ ಡಬ್ಬಿಗೆ ಹಾಕಿದೆವು. ನಾಟಕದಲ್ಲಿ ಹುಬ್ಬಳ್ಳಿಯವರು ಮಾತು ಮರೆಯಲಿಲ್ಲ.

ಜನವರಿ 31ರ ತೆರಿಗೆ ಗಡುವು ಮುಗಿಸಿ ಉಸಿರು ಬಿಟ್ಟ ಮೇಲೆ ಇಬ್ಬರು ನಕ್ಷೆ ಓದುವ ತರಗತಿಗೆ ಸೇರಿದೆವು. ಮೇ ತಿಂಗಳಲ್ಲಿ ಮತ್ತೆ ಥ್ರೆಲ್‌ಕೆಲ್ಡಿನಿಂದ ಹೊರಟು, ಹನ್ನೆರಡೂ ಶಿಖರ ದಾಟಿ ಏಳು ಗಂಟೆಯ ಮೇಲೆ ಡನ್‌ಮೇಲ್ ರೇಸ್ ತಲುಪಿದೆವು. ಬಿಸಿಲಿತ್ತು. ಓಡಿದವರು ಮೂವರೇ. ಹುಬ್ಬಳ್ಳಿಯವರ ಮನೆಯವರು ಬೆಟ್ಟ ಬೇಡವೆಂದರು, ಅವರೂ ವಾದ ಮಾಡಲಿಲ್ಲ. ಈಗ ಪಾರ್ಕಿನಲ್ಲಷ್ಟೇ ಓಡುತ್ತಾರೆ. ಆದರೆ ಬೆಟ್ಟದ ದಿನ ಕಾರು ಓಡಿಸುವವರು ಅವರೇ. ರಸ್ತೆ ಬದಿಯಲ್ಲಿ ಡಿಕ್ಕಿಗೆ ಒರಗಿ ನಿಂತಿದ್ದರು. ಒಳಗೆ ಚಿತ್ರಾನ್ನದ ಡಬ್ಬಿ, ಫ್ಲಾಸ್ಕಿನಲ್ಲಿ ಚಹಾ. ನಾವು ಹತ್ತಿರ ಹೋಗಿ ಕೈಚಾಚಿದರೆ ಡಿಕ್ಕಿ ತೆಗೆಯಲಿಲ್ಲ.

"ಮೊದಲ ಬ್ಯಾಗ್ ತೆಗೀರಿ" ಎಂದರು. "ಪ್ಯಾಂಟ್ ತೋರ್ಸ್ರಿ."

ಮೂವರೂ ತೆಗೆದು ತೋರಿಸಿದ ಮೇಲೆಯೇ ಊಟ ಸಿಕ್ಕಿದ್ದು.