ತಂತಿಯ ನಾದಕ್ಕೆ ಲೆಕ್ಕದ ಜೀವಾಳ

ಗಿಟಾರ್ ಎಂದೊಡನೆ ಮುಖ ಸಿಂಡರಿಸುವ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅದು ಗಾನಮೇಳದ ವಾದ್ಯ, ಸಿನಿಮಾದ ವಾದ್ಯ, ಭಜನೆಗೆ ಒಗ್ಗದ ವಾದ್ಯ ಎಂಬುದು ಅವರ ಅಭಿಪ್ರಾಯ. ಇನ್ನು ಕಂಪ್ಯೂಟರ್ ಎಂದರೆ ಇಂಗ್ಲಿಷ್ ಬಲ್ಲವರ ಸೊತ್ತು, ಕನ್ನಡ ಮಾಧ್ಯಮದಲ್ಲಿ ಕಲಿತವನ ಕೈಗೆ ಎಟುಕದ ವಿದ್ಯೆ ಎಂಬ ಅಳುಕು ನಮ್ಮ ಹೆತ್ತವರಲ್ಲಿ ಇನ್ನೂ ಉಳಿದಿದೆ. ಈ ಎರಡು ಎಣಿಕೆಗಳನ್ನೂ ಎರಡೇ ರಾತ್ರಿಗಳಲ್ಲಿ ಅಲುಗಾಡಿಸಿದ ಒಂದು ಭಜನೆಯ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇವೆ.

ನಡೆದದ್ದು ಬಿಳೂರದಲ್ಲಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಊರು ಅದು. 1967ರ ಮಹಾಜನ ವರದಿಯನ್ನು ಮರೆಯದ ಕಾಸರಗೋಡಿನವರಿಗೆ ಜತ್ತದ ಹೆಸರು ಹೊಸತಲ್ಲ. ಚಂದ್ರಗಿರಿ ಹೊಳೆಯ ಬಡಗಣ ನಮ್ಮ ನಾಡನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದ ಆ ವರದಿಯೇ ಜತ್ತದ ಕನ್ನಡ ಹಳ್ಳಿಗಳ ಮಾತನ್ನೂ ಎತ್ತಿತ್ತು. ನಮ್ಮದು ಮಳೆಯ ಸೀಮೆ, ಅವರದು ಬರದ ಸೀಮೆ. ನಮ್ಮ ಸುತ್ತ ಮಲಯಾಳ, ಅವರ ಸುತ್ತ ಮರಾಠಿ. ಮನೆಯೊಳಗಿನ ಮಾತು ಮಾತ್ರ ಎರಡೂ ಕಡೆ ಒಂದೇ.

ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ನಮ್ಮೊಡನೆ ಒಂದೇ ಕೋಣೆಯಲ್ಲಿದ್ದ ಮಿತ್ರರೊಬ್ಬರು ಆ ಊರಿನವರು. ಅಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಬಹಳ ವರ್ಷಗಳಿಂದ ಕರೆಯುತ್ತಿದ್ದರು. ಕಳೆದ ರಜೆಯಲ್ಲಿ ಹೋಗುವ ಯೋಗ ಕೂಡಿ ಬಂತು.

ಭಜನೆಯ ಕಟ್ಟೆಯಲ್ಲಿ

ನಾವು ಹೋದ ಮರುದಿನ ಗುಡಿಯಲ್ಲಿ ಭಜನೆ. ಹಿಂದಿನ ರಾತ್ರಿ ಕಟ್ಟೆಯ ಮೇಲೆ ತಾಲೀಮು. ಪೇಟಿ ಬಾರಿಸುವವರು ಪರವೂರಿಗೆ ಹೋಗಿದ್ದುದರಿಂದ ಆ ಜಾಗಕ್ಕೆ ಯಾರು ಎಂಬ ಪ್ರಶ್ನೆ ಎದ್ದಿತ್ತು. ನಮ್ಮ ಮಿತ್ರರ ಅಣ್ಣನ ಮಗ, ಡಿಪ್ಲೊಮಾ ಮುಗಿಸಿದ ತರುಣ, "ನಾ ಗಿಟಾರ್ ಹಿಡೀತೀನ್ರಿ" ಎಂದು ಮುಂದೆ ಬಂದಿದ್ದ. ಏಕತಾರಿ ಹಿಡಿದು ಪದ ಹಾಡುತ್ತಲೇ ಮುದುಕರಾದ ಹಿರಿಯರೊಬ್ಬರು ಮಂಡಳಿಗೆ ಯಜಮಾನರಂತೆ. ಊರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತದೆ. ಒಲ್ಲದ ಮನಸ್ಸಿನಿಂದಲೇ ಅವರು ಒಪ್ಪಿದ್ದರು.

ಹುಡುಗ ತಂದದ್ದು ಒಂದು ಗಿಟಾರ್, ಒಂದು ಹಳೆಯ ಲ್ಯಾಪ್‌ಟಾಪ್, ನಡುವೆ ಅಂಗೈಯಗಲದ ಒಂದು ಪೆಟ್ಟಿಗೆ. ಗಿಟಾರಿನ ನಾದವನ್ನು ಬಗೆಬಗೆಯಾಗಿ ಮಾರ್ಪಡಿಸುವ ಯಂತ್ರಗಳು ಪೇಟೆಯಲ್ಲಿ ದೊರೆಯುತ್ತವೆ. ವೇದಿಕೆಯ ಕಲಾವಿದರು ಅವನ್ನು ಕಾಲಬಳಿ ಇಟ್ಟುಕೊಂಡು ಪಾದದಿಂದ ಒತ್ತುವುದನ್ನು ವಾಚಕರು ಕಂಡಿರಬಹುದು. ಅವು ದುಬಾರಿ, ಮೇಲಾಗಿ ಹುಡುಗನಿಗೆ ಬೇಕಾದ ನಾದ ಅವುಗಳಲ್ಲಿ ಸಿಕ್ಕಿರಲಿಲ್ಲ. ಅವನಿಗೆ ಬೇಕಿದ್ದುದು ಸಿತಾರಿನ ತರಬ್ ತಂತಿಗಳ ಗುಂಗು. ಮೀಟುವ ತಂತಿಗಳ ಅಡಿಯಲ್ಲಿ ಸಣ್ಣ ತಂತಿಗಳಿದ್ದು, ತಮ್ಮ ಸ್ವರ ಕೇಳಿಬಂದಾಗ ಯಾರೂ ಮುಟ್ಟದೆಯೇ ತಾವಾಗಿ ಮಿಡಿಯುತ್ತವಲ್ಲ, ಅದು. ವಿಶ್ವಮೋಹನ ಭಟ್ಟರು ಗಿಟಾರಿಗೆ ನಿಜವಾದ ತರಬ್ ತಂತಿಗಳನ್ನೇ ಕೂಡಿಸಿ ಮೋಹನವೀಣೆಯನ್ನು ರೂಪಿಸಿದರು. ಅದರ ನಾದಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಬಿಳೂರಿನ ಹುಡುಗ ಮರ ಕೊರೆಯಲಿಲ್ಲ, ತಂತಿ ಬಿಗಿಯಲಿಲ್ಲ. ಆ ತಂತಿಗಳನ್ನು ಲೆಕ್ಕದಿಂದ ಹುಟ್ಟಿಸಲು ಹೊರಟಿದ್ದ.

ನಾದ ಸಂಖ್ಯೆಯಾಗುವ ಬಗೆ

ಇದು ಹೇಗೆ ಸಾಧ್ಯ? ಹತ್ತನೆಯ ತರಗತಿಯ ವಿಜ್ಞಾನ, ಗಣಿತ ತಿಳಿದಿದ್ದರೆ ಸಾಕು.

ಗಿಟಾರಿನ ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಅದುರಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆಯ ನಿಯಮವೆಂದು ನಾವು ಕಲಿಸುವುದು ಇದನ್ನೇ. ನಡುವಿನ ಪೆಟ್ಟಿಗೆ ಆ ವಿದ್ಯುತ್ತನ್ನು ಸೆಕೆಂಡಿಗೆ 48,000 ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಕಂಪ್ಯೂಟರಿಗೆ ಕಳುಹಿಸುತ್ತದೆ. ಅಲ್ಲಿಂದ ಮುಂದೆ ನಾದವೆಂದರೆ ಸಂಖ್ಯೆಗಳ ಸಾಲು. ಆ ಸಾಲಿಗೆ ನಾವು ಏನು ಮಾಡುತ್ತೇವೆಯೋ ಅದೇ ಪರಿಣಾಮ.

24,000 ಸಂಖ್ಯೆಗಳ ಹಿಂದಿನದನ್ನು ತೆಗೆದು, ಅರ್ಧ ಮಾಡಿ, ಈಗಿನದಕ್ಕೆ ಕೂಡಿಸಿದರೆ ಅರ್ಧ ಸೆಕೆಂಡು ತಡವಾದ ಪ್ರತಿಧ್ವನಿ ಕೇಳುತ್ತದೆ. ಒಂದು ಮಿತಿಯನ್ನು ಮೀರಿದ ಸಂಖ್ಯೆಗಳ ತಲೆಯನ್ನು ಕತ್ತರಿಸಿದರೆ ಗಾನಮೇಳಗಳಲ್ಲಿ ಕೇಳುವ ಒರಟು ನಾದ ಬರುತ್ತದೆ. ಅಕ್ಕಪಕ್ಕದ ಸಂಖ್ಯೆಗಳ ಸರಾಸರಿ ತೆಗೆದರೆ ನಾದ ಮೆದುವಾಗುತ್ತದೆ. ಕೂಡುವುದು, ಗುಣಿಸುವುದು, ಹಿಂದಿನದನ್ನು ನೆನಪಿಡುವುದು, ಇಷ್ಟೇ ಕೆಲಸ.

ತರಬ್ ತಂತಿಯ ಲೆಕ್ಕ ಇನ್ನೂ ಸೊಗಸಾದುದು. ಹಿಂದುಸ್ತಾನಿ ಸಂಗೀತದ ಪಾಠಪುಸ್ತಕಗಳು ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಹಿಡಿಯುತ್ತವೆ. ಹುಡುಗನೂ ಅದನ್ನೇ ಹಿಡಿದಿದ್ದ. ಗಂಡಸರು ಅದರ ಅರ್ಧವಾದ 120ರ ಷಡ್ಜದಲ್ಲಿ ಹಾಡಿದರೂ ಲೆಕ್ಕ ಕೆಡುವುದಿಲ್ಲ. 48,000ವನ್ನು 240ರಿಂದ ಭಾಗಿಸಿದರೆ 200. ಆದ್ದರಿಂದ ಬಂದ ಸಂಖ್ಯೆಗೆ 200 ಸ್ಥಾನ ಹಿಂದಿನ ಫಲವನ್ನು ಕೂಡಿಸುತ್ತ ಹೋದರೆ, 240 ಕಂಪನದ ನಾದ ಮಾತ್ರ ತನ್ನನ್ನು ತಾನೇ ತಳ್ಳಿಕೊಂಡು ಬೆಳೆಯುತ್ತದೆ, ಅದರ ಮೇಲಿನ ಗುಣಕಗಳೂ ಬೆಳೆಯುತ್ತವೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಉಳಿದ ಸ್ವರಗಳು ಹೀಗೆ ಬೆಳೆಯದೆ ಬೇಗನೆ ಕುಗ್ಗುತ್ತವೆ.

ಕೂಡಿಸುವಾಗ ಹಿಂದಿನ ಫಲವನ್ನು ಒಂದಕ್ಕಿಂತ ಕಡಮೆಯಾದ ಸಂಖ್ಯೆಯಿಂದ ಗುಣಿಸಬೇಕು. ಅರ್ಧದಿಂದ ಗುಣಿಸಿದರೆ ಹತ್ತು ಸುತ್ತಿನಲ್ಲಿ ನಾದ ಸಾವಿರದಲ್ಲೊಂದು ಪಾಲಾಗುತ್ತದೆ. ತಂತಿ ಮಿಡಿದದ್ದೇ ತಿಳಿಯದು. 0.99ರಿಂದ ಗುಣಿಸಿದರೆ ಒಂದು ಸೆಕೆಂಡಿನ 240 ಸುತ್ತುಗಳ ಬಳಿಕವೂ ನೂರರಲ್ಲಿ ಒಂಬತ್ತು ಪಾಲು ಉಳಿದಿರುತ್ತದೆ. ಗುಂಗು ಎಂದರೆ ಅದೇ. ಒಂದನ್ನು ಮೀರಿದರೆ ಸಾಲದ ಬಡ್ಡಿಯಂತೆ ಬೆಳೆದು ಧ್ವನಿವರ್ಧಕ ಊಳಿಡುತ್ತದೆ. ತಾಲೀಮಿಗೆ ಮೊದಲು ಒಮ್ಮೆ ಹಾಗಾಗಿ ಮನೆಯ ಎಮ್ಮೆ ಬೆದರಿತ್ತಂತೆ! "ಗುಣೋತ್ತರ ಶ್ರೇಢಿ ನೆನಪಾತ್ರಿ ಸರ್ರ, ಕಾಕಾ ಕಲಿಸಿದ್ದು" ಎಂದ ಹುಡುಗ.

ಮನೆಯಲ್ಲಿ ಕುಳಿತು ಇದನ್ನು ಮಾಡುವುದು ಒಂದು ಮಾತು, ಜನರ ಮುಂದೆ ಮಾಡುವುದು ಇನ್ನೊಂದು. ಕಂಪ್ಯೂಟರ್ ಸಂಖ್ಯೆಗಳನ್ನು ಒಂದೊಂದಾಗಿ ಅಲ್ಲ, ಕಂತುಕಂತಾಗಿ ತೆಗೆದುಕೊಳ್ಳುತ್ತದೆ. ಕಂತಿಗೆ 1,024 ಸಂಖ್ಯೆಯಾದರೆ ಸೆಕೆಂಡಿನ ಸಾವಿರದಲ್ಲಿ 21 ಪಾಲು ತಡ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಏಳು ಮೀಟರ್ ಸಾಗುತ್ತದೆ. ಎಂದರೆ ತೊಡೆಯ ಮೇಲಿನ ಗಿಟಾರ್ ಏಳು ಮೀಟರ್ ಆಚೆ ನುಡಿದಂತೆ ಕೇಳಿ ತಾಳ ತಪ್ಪುತ್ತದೆ. ಕಂತನ್ನು 128ಕ್ಕೆ ಇಳಿಸಿದರೆ ತಡ ಮೂರು ಪಾಲಿಗೂ ಕಡಮೆ. ಆದರೆ ಹಳೆಯ ಯಂತ್ರ ಅಷ್ಟರೊಳಗೆ ಲೆಕ್ಕ ಮುಗಿಸಲಾರದೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಹುಡುಗ ಲ್ಯಾಪ್‌ಟಾಪಿನ ಬೇರೆಲ್ಲ ಕೆಲಸಗಳನ್ನು ನಿಲ್ಲಿಸಿ 128ರಲ್ಲೇ ಓಡಿಸಿದ್ದ. ಯಂತ್ರ ಕೈಕೊಟ್ಟರೆ ಗಿಟಾರಿನ ಬರಿಯ ನಾದ ನೇರವಾಗಿ ಧ್ವನಿವರ್ಧಕಕ್ಕೆ ಹೋಗುವಂತೆ ಬೇರೊಂದು ದಾರಿಯನ್ನೂ ಇಟ್ಟಿದ್ದ. ಅವನು ಬಳಸಿದ್ದು ಮಿಲರ್ ಪಕೆಟ್ ಎಂಬವರು 1990ರ ದಶಕದಲ್ಲಿ ರಚಿಸಿದ ಪ್ಯೂರ್ ಡೇಟಾ ಎಂಬ ತಂತ್ರಾಂಶವನ್ನು. ಅದಕ್ಕೆ ಬೆಲೆಯಿಲ್ಲ, ಉಚಿತ. ಪರದೆಯ ಮೇಲೆ ಚೌಕಗಳನ್ನು ಬರೆದು ಗೆರೆಗಳಿಂದ ಜೋಡಿಸಿದರೆ ಅದೇ ಕ್ರಮವಿಧಿ.

ಶೇಷ ಎಲ್ಲಿ ಹೋಯಿತು?

ತಾಲೀಮು ನಡೆಯಿತು. ಮೊಬೈಲಿನ ತಂಬೂರಿ ನುಡಿಯುತ್ತಿತ್ತು, ತಾಳದವರು ಕೂಡಿದರು, ಗಿಟಾರಿನ ಹಿಂದೆ ಕಾಣದ ತಂತಿಗಳು ಮಿಡಿದವು. ನಮಗಂತೂ ಹಿತವೆನಿಸಿತು. ಅಜ್ಜಾರು ಮಾತ್ರ ಏಕತಾರಿಯನ್ನು ಕೆಳಗಿಟ್ಟರು.

"ತಮ್ಮಾ, ನಿನ್ನ ಷಡ್ಜ ಚಲೋ ನಿಂತೈತಿ. ಪಂಚಮ ಯಾಕೋ ಅಳ್ಳಾಡಾಕತ್ತೈತಿ ನೋಡು."

"ಇಲ್ಲರಿ ಅಜ್ಜಾರ, ಅದು ಕಂಪ್ಯೂಟರ್ ಲೆಕ್ಕ. ತಪ್ಪಂಗಿಲ್ಲ."

"ಲೆಕ್ಕ ನನಗ ಬರಂಗಿಲ್ಲಪಾ. ಕಿವಿಗಿ ಬಂದದ್ದು ಹೇಳೀನಿ. ಹಿಂಗಿದ್ರ ನಾಳಿ ಗಿಟಾರ್ ಬ್ಯಾಡ."

ಹುಡುಗನ ಮುಖ ಸಪ್ಪಗಾಯಿತು. ತಿಂಗಳುಗಟ್ಟಲೆ ದುಡಿದ ಕೆಲಸ. ಇಂಗ್ಲಿಷಿನ ಕೈಪಿಡಿಯನ್ನು ನಿಘಂಟು ಹಿಡಿದು ಓದಿದವನು ಅವನು. ಕಲಿಯುವಾಗ ಒಬ್ಬ ಅಧ್ಯಾಪಕರು, ಕನ್ನಡ ಶಾಲೆಯವರಿಗೆ ಇದೆಲ್ಲ ಏಕೆ ಎಂದಿದ್ದರಂತೆ. ಆ ಮಾತು ಅವನಲ್ಲಿ ಇನ್ನೂ ಆರಿರಲಿಲ್ಲ.

ಮರುದಿನ ಬೆಳಗ್ಗೆ ರೊಟ್ಟಿ ತಿಂದು ಮೂವರೂ ಪಡಸಾಲೆಯಲ್ಲಿ ಕುಳಿತೆವು. ಪಂಚಮವೆಂದರೆ ಷಡ್ಜದ ಒಂದೂವರೆ ಪಟ್ಟು, 360. ನಮ್ಮ ಮಿತ್ರರು ಹಲಗೆಯ ಮೇಲೆ 48,000ವನ್ನು 360ರಿಂದ ಭಾಗಿಸಿದರು. ಭಾಗಲಬ್ಧ 133.

"133 ಅಂತನ ಹಾಕೀನ್ರಿ ಕಾಕಾ."

"ಶೇಷ 120 ಉಳೀತಲ್ಲ, ಅದನ್ನೇನ ಮಾಡಿದಿ?"

"ಬಿಟ್ಟೇನ್ರಿ. ಅಷ್ಟರಾಗ ಏನ ಆಕ್ಕೈತಿ ಅಂತ."

ಆದದ್ದು ಇಷ್ಟು. 48,000ವನ್ನು 133ರಿಂದ ಭಾಗಿಸಿದರೆ 360.9. ತಂಬೂರಿಯ ಪಂಚಮ 360, ಹುಡುಗನ ಕಾಣದ ತಂತಿ 360.9. ಎರಡು ಸಮೀಪದ ನಾದಗಳು ಕೂಡಿದಾಗ ಅವುಗಳ ವ್ಯತ್ಯಾಸದಷ್ಟು ಬಾರಿ ಸದ್ದು ಏರಿ ಇಳಿಯುತ್ತದೆ. ಇಲ್ಲಿ ಹತ್ತಿರಹತ್ತಿರ ಸೆಕೆಂಡಿಗೊಮ್ಮೆ. ಅಜ್ಜಾರು ಅಳ್ಳಾಡುತ್ತದೆ ಎಂದದ್ದು ಇದನ್ನೇ. ಷಡ್ಜಕ್ಕೆ 200 ಶೇಷವಿಲ್ಲದೆ ಬಂದುದರಿಂದ ಅದು ಕದಲದೆ ನಿಂತಿತ್ತು. ಒಂದು ಅಳತೆಯ ಮೂರನೇ ಒಂದು ಪಾಲನ್ನು, ಎಂದರೆ ಸೆಕೆಂಡಿನ 1,44,000ದಲ್ಲಿ ಒಂದು ಪಾಲನ್ನು, ಹುಡುಗ ಬಿಟ್ಟಿದ್ದ. ಆ ಮುದುಕರ ಕಿವಿ ಬಿಟ್ಟಿರಲಿಲ್ಲ.

ಪರಿಹಾರವೂ ಆ ಶೇಷದಲ್ಲೇ ಇತ್ತು. 133 ಸ್ಥಾನ ಹಿಂದಿನ ಸಂಖ್ಯೆಯ ಮೂರರಲ್ಲಿ ಎರಡು ಪಾಲನ್ನು, 134 ಸ್ಥಾನ ಹಿಂದಿನದರ ಮೂರರಲ್ಲಿ ಒಂದು ಪಾಲನ್ನು ಕೂಡಿಸಿದರೆ 133 ಮತ್ತು ಮೂರನೇ ಒಂದರ ಸ್ಥಾನ ದೊರೆಯುತ್ತದೆ. ಎರಡು ಚೌಕ, ಎರಡು ಗೆರೆ ಹೆಚ್ಚು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

ಮಿರಜದ ನೂಲು

ಸಂಜೆಯವರೆಗೆ ಹೊತ್ತಿತ್ತು, ಮಾತು ಮಿರಜದ ಕಡೆ ಹೊರಳಿತು. ಅದೇ ಸಾಂಗಲಿ ಜಿಲ್ಲೆಯ ಮಿರಜ ಸಿತಾರ್, ತಂಬೂರಿಗಳ ತವರು. ಆಯುಧಗಳಿಗೆ ಹೊಳಪು ಕೊಡುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ಸೋರೆಬುರುಡೆ ಹಿಡಿದು ವಾದ್ಯಕಾರರಾದರು. ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದೂ ಅಲ್ಲಿಯೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ.

ಮಿರಜದ ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ನೂಲು ಇಡುತ್ತಾರೆ. ಆ ಕಡೆಯವರು ಇದರಿಂದ ಬರುವ ಗುಣವನ್ನು ಜವಾರಿ ಎನ್ನುತ್ತಾರೆ. ನಮ್ಮ ಕಡೆ ನೂಲಿಗೆ ಜೀವಾಳ ಎಂಬ ಮಾತುಂಟು. ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಸತ್ತಂತಿದ್ದ ತಂತಿ ಝೇಂಕರಿಸುತ್ತದೆ. ಬಾಗಿದ ಕುದುರೆಯ ಮೇಲೆ ತಂತಿ ತಾಗುತ್ತ ಬಿಡುತ್ತ ಹೋಗುವುದರಿಂದ, ಸಾಮಾನ್ಯ ತಂತಿಯಲ್ಲಿ ಹುಟ್ಟಬಾರದ ಮೇಲುಸ್ವರಗಳೂ ಇಲ್ಲಿ ಹುಟ್ಟುತ್ತವೆ ಎಂದು ಸರ್ ಸಿ. ವಿ. ರಾಮನ್ನರು 1921ರಲ್ಲೇ ಬರೆದರು. ಹಾಗಾದರೆ ತಂತಿಯ ನಾದವನ್ನು ಬೇಕಾದಂತೆ ಮಾರ್ಪಡಿಸುವ ಕಲೆ ಹೊರಗಿನಿಂದ ಬಂದದ್ದು ಎನ್ನುವುದೆಂತು? ಬೆಂಗಳೂರಿನಲ್ಲಿ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ತಂಬೂರಿಯನ್ನು ವಿದ್ಯುನ್ಮಂಡಲಕ್ಕೆ ಇಳಿಸಿದರು. ಇಂದು ಅದು ಮೊಬೈಲಿನೊಳಗೆ ಕುಳಿತಿದೆ. ಬಿಳೂರಿನ ಹುಡುಗ ಮಾಡಿದ್ದು ಅದೇ ದಾರಿಯ ಮುಂದಿನ ಒಂದು ಹೆಜ್ಜೆ.

ನಮ್ಮ ಶಾಲೆಗಳಿಗೆ

ರಾತ್ರಿ ಭಜನೆಗೆ ಜನ ಕೂಡಿದರು. ಹುಡುಗ ಪಂಚಮವನ್ನೊಮ್ಮೆ ಮೀಟಿ ಸುಮ್ಮನೆ ಕುಳಿತ. ಅಜ್ಜಾರು ಕಣ್ಣು ಮುಚ್ಚಿ, ಗುಂಗು ಅಡಗುವವರೆಗೂ ಕೇಳಿದರು.

"ಈಗ ಕೂತಿತು ನೋಡಪಾ. ಪದ ಸುರು ಮಾಡೂನು."

ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅವರಿಂದ ಬರಲಿಲ್ಲ. ಹುಡುಗನಿಗೆ ಬೇಕಾಗಿಯೂ ಇರಲಿಲ್ಲ. ನಡುರಾತ್ರಿ ಕರೆಂಟು ಹೋದಾಗ ಧ್ವನಿವರ್ಧಕ ಸತ್ತಿತು, ಏಕತಾರಿಯೊಂದೇ ನಡೆಸಿತು. ಕರೆಂಟು ಬಂದೊಡನೆ ಗಿಟಾರ್ ಮತ್ತೆ ಸೇರಿಕೊಂಡಿತು.

ಊರಿಗೆ ಮರಳಿದ ಮೇಲೆ ನಾವು ನಮ್ಮ ತರಗತಿಯಲ್ಲಿ ಗುಣೋತ್ತರ ಶ್ರೇಢಿಯ ಪಾಠವನ್ನು ಪ್ರತಿಧ್ವನಿಯಿಂದಲೇ ಆರಂಭಿಸುತ್ತಿದ್ದೇವೆ. ಶೇಷ ಬಿಡುವ ಮಕ್ಕಳಿಗೆ ಬಿಳೂರಿನ ಪಂಚಮದ ಕತೆ ಹೇಳುತ್ತೇವೆ. ನಮ್ಮ ಶಾಲೆಗಳ ಮೂಲೆಗಳಲ್ಲಿ ಹಳೆಯ ಕಂಪ್ಯೂಟರುಗಳಿವೆ. ನಮ್ಮ ಊರುಗಳಲ್ಲಿ ಭಾಗವತರಿದ್ದಾರೆ, ಭಜನಾ ಮಂಡಳಿಗಳ ಹಿರಿಯರಿದ್ದಾರೆ. ವಿಜ್ಞಾನ ಸಂಘದ ಒಂದು ಸಂಜೆಗೆ ಇವರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಆ ಹುಡುಗನೂ ಕೈಪಿಡಿಯನ್ನು ಇಂಗ್ಲಿಷಿನಲ್ಲೇ ಓದಿದ. ಆದರೆ ತಪ್ಪು ಸಿಕ್ಕಿದ್ದು ಕನ್ನಡದಲ್ಲಿ ಕಲಿತ ಭಾಗಾಕಾರದಲ್ಲಿ, ತೋರಿಸಿಕೊಟ್ಟದ್ದು ಕನ್ನಡ ಪದ ಹಾಡಿ ಪಳಗಿದ ಕಿವಿ. ಮಕ್ಕಳನ್ನು ಯಾವ ಶಾಲೆಗೆ ಸೇರಿಸುವುದೆಂದು ಈ ಬೇಸಿಗೆಯಲ್ಲಿ ಯೋಚಿಸುವ ಹೆತ್ತವರು ಇದನ್ನೂ ಒಂದಿಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿ ಎಂಬುದು ನಮ್ಮ ವಿನಂತಿ.