ಮಿರಜ: ಮೂರು ಗೇಜು ಕಂಡ ಜಂಕ್ಷನ್

ನಿಪ್ಪಾಣಿಗೆ ರೈಲಿಲ್ಲ. ತಂಬಾಕಿನ ವ್ಯಾಪಾರಕ್ಕೆ ಹೆಸರಾದ ಈ ಊರು ಪುಣೆ–ಬೆಂಗಳೂರು ಹೆದ್ದಾರಿಯನ್ನೇ ನೆಚ್ಚಿಕೊಂಡಿದೆ. ಅಥಣಿಗೂ ಹಳಿ ಬಂದಿಲ್ಲ. ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವೇನೋ ಇದೆ. ಆದರೆ ಊರು ಇನ್ನೂ ದೂರ ಎಂಬುದನ್ನು ಬಾಲದಲ್ಲಿರುವ ‘ರೋಡ್’ ಮೊದಲೇ ಹೇಳಿಬಿಡುತ್ತದೆ. ಹೀಗಾಗಿ ಈ ಭಾಗದವರು ದೂರದ ಗಾಡಿ ಹಿಡಿಯಲು ಬಹಳ ಸಲ ಗಡಿಯಾಚೆಯ ಮಿರಜಕ್ಕೇ ಹೋಗುತ್ತಾರೆ.

ಸಾಂಗಲಿ ಜಿಲ್ಲೆಯ ಈ ಜಂಕ್ಷನ್ನಿನಿಂದ ನಾಲ್ಕು ಹಾದಿ ಕವಲೊಡೆಯುತ್ತವೆ. ಒಂದು ಸಾಂಗಲಿ, ಸಾತಾರಾ ಮೇಲೆ ಪುಣೆಗೆ, ಒಂದು ಕೊಲ್ಹಾಪುರಕ್ಕೆ, ಇನ್ನೊಂದು ಪಂಢರಪುರ, ಕುರ್ಡುವಾಡಿಗೆ. ನಾಲ್ಕನೆಯದು ನಮ್ಮ ಕಡೆಯದು: ಶೇಡಬಾಳ, ಉಗಾರ ಬಿಟ್ಟು ಕೃಷ್ಣೆಯ ಸೇತುವೆ ದಾಟಿದರೆ ಕುಡಚಿ, ಚಿಂಚಲಿ, ರಾಯಬಾಗ, ಘಟಪ್ರಭಾ, ಬೆಳಗಾವಿ, ಕೊನೆಗೆ ಲೋಂಡಾ. ನಿಲ್ದಾಣ ಮಧ್ಯ ರೈಲ್ವೆಯ ಪುಣೆ ವಿಭಾಗದ್ದು. ದಕ್ಷಿಣದ ಹಾದಿ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ್ದು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಸೀಮೆಯಲ್ಲಿ ಹಾಸಿದ್ದು ಮೀಟರ್ ಗೇಜ್. 1891ರಲ್ಲಿ ಕೊಲ್ಹಾಪುರದ ಹಾದಿ ಕೂಡಿಕೊಂಡಿತು. 1927ರಲ್ಲಿ ಪೂರ್ವದಿಂದ ಬಾರ್ಶಿ ಲೈಟ್ ರೈಲ್ವೆ ಬಂತು. ಅದರ ಹಳಿಗಳ ನಡುವೆ ಬರೀ ಎರಡೂವರೆ ಅಡಿ. 1971ರಲ್ಲಿ ಪುಣೆ, ಕೊಲ್ಹಾಪುರದ ಹಾದಿಗಳು ಬ್ರಾಡ್ ಗೇಜ್ ಆದವು, ಬೆಳಗಾವಿಯದು ಹಳೆಯ ಅಳತೆಯಲ್ಲೇ ಉಳಿಯಿತು. ಅಲ್ಲಿಂದ ಸುಮಾರು ಎರಡು ದಶಕ ಮಿರಜದಲ್ಲಿ 1,676, 1,000 ಮತ್ತು 762 ಮಿ.ಮೀ. ಹೀಗೆ ಮೂರೂ ಅಳತೆಯ ಹಳಿಗಳಿದ್ದವು.

ಗೇಜು ಬದಲಾದಲ್ಲಿ ಡಬ್ಬಿ ಮುಂದೆ ಹೋಗದು. ಮುಂಬೈಯಿಂದ ಹುಬ್ಬಳ್ಳಿಗೆ ಹೊರಟವರು ಇಲ್ಲಿ ಟ್ರಂಕು, ಹಾಸಿಗೆ ಸುರುಳಿ ಸಮೇತ ಇಳಿದು ಸಣ್ಣ ಗಾಡಿ ಏರಬೇಕಿತ್ತು. ಸರಕಿನದೂ ಅದೇ ಪಾಡು. ಒಂದು ವ್ಯಾಗನ್ನಿನ ಚೀಲಗಳನ್ನು ಹಮಾಲರು ಬೆನ್ನ ಮೇಲೆ ಹೊತ್ತು ಮತ್ತೊಂದಕ್ಕೆ ತುಂಬಬೇಕು. ದೊಡ್ಡದರಲ್ಲಿ ಬಂದದ್ದು ಸಣ್ಣದೊಂದರಲ್ಲಿ ಹಿಡಿಯದು.

1990ರ ದಶಕದಲ್ಲಿ ಬೆಳಗಾವಿ ಹಾದಿ, ಆಮೇಲೆ ಪಂಢರಪುರದ ಹಾದಿ ಅಗಲವಾದವು. ಈಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ನೇರ ಬರುತ್ತದೆ.

ಇಲ್ಲಿಳಿಯುವವರೆಲ್ಲ ಗಾಡಿ ಬದಲಿಸುವವರೇ ಅಲ್ಲ. ವಿಲಿಯಂ ವಾನ್ಲೆಸ್ 1894ರಲ್ಲಿ ಕಟ್ಟಿದ ಆಸ್ಪತ್ರೆಯಿಂದ ಶುರುವಾಗಿ ಮಿರಜ ದವಾಖಾನೆಗಳ ಊರಾಯಿತು. ಸಿತಾರು, ತಂಬೂರಿ ಮಾಡುವ ಕುಶಲಕರ್ಮಿಗಳ ಊರೂ ಹೌದು. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇಲ್ಲಿ. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟ ಅವರು ದಾರಿಯ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಕೊನೆಯುಸಿರೆಳೆದರು; ಮಣ್ಣಾದದ್ದು ಮಿರಜದ ದರ್ಗಾದ ಆವರಣದಲ್ಲಿ.

2016ರ ಏಪ್ರಿಲ್‌ನಲ್ಲಿ ಈ ಜಂಕ್ಷನ್ನಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಬರದಿಂದ ಕಂಗೆಟ್ಟ ಲಾತೂರಿಗೆ ಕೃಷ್ಣೆಯ ನೀರು ತುಂಬಿದ ರೈಲು ಇಲ್ಲಿಂದ ಹೊರಟಿತು. ಮೊದಲ ಗಾಡಿಯಲ್ಲಿ 10 ಟ್ಯಾಂಕ್ ವ್ಯಾಗನ್, 5 ಲಕ್ಷ ಲೀಟರ್. ಆಮೇಲೆ 50 ವ್ಯಾಗನ್, 25 ಲಕ್ಷ ಲೀಟರ್. ಅದು ಹೋದದ್ದು ಬಾರ್ಶಿ ಕಂಪನಿಯ ಸಣ್ಣ ಗಾಡಿಗಳು ಓಡಾಡಿದ ದಾರಿಯಲ್ಲೇ. ಗೇಜು ಬದಲಾಗಿರದಿದ್ದರೆ ಆ ಟ್ಯಾಂಕುಗಳು ಮಿರಜದ ಯಾರ್ಡು ದಾಟುತ್ತಿರಲಿಲ್ಲ.

ಬಾಗಲಕೋಟೆಯಿಂದ ಕುಡಚಿಗೆ 142 ಕಿ.ಮೀ. ಹೊಸ ಮಾರ್ಗದ ಕೆಲಸ ಕೈಗೆತ್ತಿಕೊಂಡಿದ್ದಾರೆ. ಅದು ಪೂರ್ತಿಯಾದ ದಿನ ಕುಡಚಿಯೂ ಜಂಕ್ಷನ್ ಆಗಲಿದೆ. ನಿಪ್ಪಾಣಿಯವರು ಮಾತ್ರ ಕುಡಚಿಗಾಗಲಿ ಮಿರಜಕ್ಕಾಗಲಿ ಮೊದಲು ಬಸ್ಸನ್ನೇ ಹಿಡಿಯಬೇಕು.